ಐದು ನಿಮಿಷ ಮಾತಿಲ್ಲ

ಕೂತುಕೊಳ್ಳಿ, ಆಂಟಿ ಮಾಕು. ಬೆನ್ನು ಕುರ್ಚಿಗೆ ಆನಲಿ.
ಎರಡೂ ಪಾದ ನೆಲಕ್ಕೆ. ಕಾಲ ಮೇಲೆ ಕಾಲು ಬೇಡ.
ತೋಳು ಎದೆಯ ಮಟ್ಟಕ್ಕೆ ಬರಬೇಕು, ಈ ಮೇಜೋ ಕುಳ್ಳು,
ಅದಕ್ಕೇ ಖಾಲಿ ಲಸಿಕೆ ಡಬ್ಬಿ, ಅದರ ಮೇಲೆ
ಮಡಿಸಿಟ್ಟ ನನ್ನ ಟವೆಲು.
ಇನ್ನು ಐದು ನಿಮಿಷ ಮಾತಿಲ್ಲ.
ಮಾತಾಡಿದರೆ ಮುಳ್ಳು ಸುಮ್ಮನೆ ಏರುತ್ತದೆ.

ಆಕೆ ನಕ್ಕಳು. ನಗುವೂ ಲೆಕ್ಕಕ್ಕೆ ಬರುತ್ತದೆಯೇ?
ಬರುತ್ತದೆ.

ಕಿಟಕಿಯಾಚೆ ಸೊಂಗೋರ್ ಹಿನ್ನೀರು ಒಣಗಿದೆ.
ಹರ್ಮಟಾನ್ ಗಾಳಿ ಹಿಡಿದು ಹದಿನೇಳನೆಯ ದಿನ;
ನೀರಿದ್ದಲ್ಲಿ ಬಿಳಿ ಹಕ್ಕಳೆ,
ಹಕ್ಕಳೆಯ ಮೇಲೆ ಬಾಗಿದ ಹೆಂಗಸರು,
ತುಂಬಿದ ಬೋಗುಣಿ ಹೊತ್ತು ದಡ ಹತ್ತುವ ಹೆಂಗಸರು.
ಆಕೆಯ ಜಾಗ ಖಾಲಿಯಿರುವುದು ಇಲ್ಲಿಂದಲೇ ಕಾಣುತ್ತದೆ,
ಯಾರೋ ಆಗಲೇ ಅತ್ತ ಸರಿಯುತ್ತಿದ್ದಾರೆ.

ಕಳೆದ ತಿಂಗಳು ನೂರ ಎಂಬತ್ತೆರಡು, ನೂರ ಎಂಟು.
ಬಲತೋಳಲ್ಲೂ ಅಷ್ಟೆ, ಎಡತೋಳಲ್ಲೂ ಅಷ್ಟೆ.
ತಲೆನೋವು? ಇಲ್ಲ. ಕಣ್ಣು ಮಂಜು? ಇಲ್ಲ.
ಎದೆ? ಎದೆಗೇನಾಗಿದೆ, ಇದ್ದಲ್ಲೇ ಇದೆ.
ನೋವೇ ಇಲ್ಲದ ರೋಗಕ್ಕೆ ದಿನಾ ಮಾತ್ರೆ ಯಾಕೆ,
ಇದು ನಿನ್ನ ಯಂತ್ರದ ಕಾಯಿಲೆ ಇರಬೇಕು, ಸಿಸ್ಟರ್.

ನಾನು ಕಲಿತದ್ದನ್ನೆಲ್ಲ ಹೇಳಿದೆ.
ಮೆದುಳಿನ ಎಳೆನರ, ಮೂತ್ರಪಿಂಡ, ಕಣ್ಣಿನ ಹಿಂಪರದೆ.
ಮುಖ ಬದಲಾಗಲಿಲ್ಲ. ಆಗ ಆಕೆಯ ಅಕ್ಕನ ಮಾತು ತೆಗೆದೆ:
ಕೊರ್ಕೊರ್, ಸಂತೆಯ ಮಧ್ಯೆ ಬಾಯಿ ವಾರೆಯಾಗಿ
ಸ್ವಂತ ಮಗನ ಹೆಸರು ಹುಡುಕುತ್ತಾ ಕುಸಿದವಳು.
ತೆಗೆಯಬಾರದಿತ್ತು.
ಎದ್ದು ಹೋದಳು. ಮಾತ್ರೆ ಮೇಜಿನ ಮೇಲೇ ಉಳಿಯಿತು.

ಮೂರನೆಯ ದಿನ ಬೈಕೇರಿ ಮನೆಗೆ ಹೋದೆ.
ಒಲೆಯ ಮೇಲೆ ಬೆಂಡೆಕಾಯಿ ಸಾರು, ಅದರೊಳಗೆ ಕೋಬಿ,
ಉಪ್ಪಲ್ಲಿ ಹೂತು ಬಿಸಿಲಿಗೆ ಬಿಟ್ಟ ಮೀನು,
ಸಾಲದ್ದಕ್ಕೆ ಮೇಲೊಂದು ಚಿಟಿಕೆ.
ಕೋಬಿಯನ್ನು ರಾತ್ರಿಯೇ ನೆನೆಸಿ, ನೀರು ಎರಡು ಸಲ ಚೆಲ್ಲಿ,
ಆ ಚಿಟಿಕೆ ಬಿಡಿ, ಎಂದೆ.
ಸೌಟು ಗಾಳಿಯಲ್ಲೇ ನಿಂತಿತು.
ನಲವತ್ತು ವರ್ಷ ಸಾಕಿದೆ ನನ್ನನ್ನು ಈ ಉಪ್ಪು.
ಈಗ ಅದರ ಮೇಲೆ ಚಾಡಿ ಹೇಳಲು ಬಂದೆಯಾ?

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ.
ಉಪ್ಪು ಹೆಕ್ಕಿದವರು ಏನು ಕುಡಿಯಬೇಕೋ
ನನಗೆ ಯಾರೂ ಹೇಳಿಕೊಟ್ಟಿಲ್ಲ.
ಬೋಗುಣಿ ಮಗುಚಿ ಅದರ ಮೇಲೆ ಕೂತೆ, ಬಡಿಸಿದ್ದನ್ನು ಉಂಡೆ.
ರುಚಿಯಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ.
ಮಾತ್ರೆಯ ಪಟ್ಟಿಯನ್ನು ತಟ್ಟೆಯ ಪಕ್ಕದಲ್ಲಿಟ್ಟೆ,
ಅದರ ಬಗ್ಗೆ ಏನೂ ಆಡಲಿಲ್ಲ.

ಬೈಕು ಒದೆಯುವಾಗ ಆಕೆಯೇ ಬೇಲಿಯವರೆಗೆ ಬಂದಳು:
ಆ ಸುಮ್ಮನೆ ಕೂರುವುದು ಎಷ್ಟು ಹೊತ್ತು ಅಂದೆ?
ಐದು ನಿಮಿಷ.
ಪ್ರತಿ ಸಲವೂ?
ಪ್ರತಿ ಸಲವೂ.
ಯಾರೂ ಕರೆಯುವುದಿಲ್ಲವೇ ನಡುವೆ?

ಹಾಗೆ ಬಂದಿದ್ದಾಳೆ ಇವತ್ತು.
ಪಟ್ಟಿಯಲ್ಲಿ ಇಪ್ಪತ್ತು ಗುಳಿ ಖಾಲಿ; ಅದರಲ್ಲಿ ಮೂರು
ಪಕ್ಕದ ಮನೆಯ ತಲೆನೋವಿಗೆ ಹೋಗಿವೆಯೆಂದು
ಮೊಮ್ಮಗ ನಾರ್ ಬಾಗಿಲಲ್ಲೇ ನನ್ನ ಕಿವಿಗೆ ಹಾಕಿದ.
ಬೈಯುವುದು ಆಮೇಲೆ. ಮಂಡಿಯೂರಿ
ಕಾಲ ಗಿಣ್ಣನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತೇನೆ.
ಊತವಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ
ತೊಳೆದರೂ ಬಿಡದ ಬಿಳುಪು.
ತಲೆಯೆತ್ತಿದರೆ ಆಕೆಯ ಗಲ್ಲ ಎದೆಗೆ ಬಿದ್ದಿದೆ.
ನಿದ್ದೆ. ಮೂರನೆಯ ನಿಮಿಷಕ್ಕೇ.

ಹೊರಗೆ ಬೆಂಚಿನಲ್ಲಿ ಹನ್ನೊಂದು ಜನ, ಒಂದು ಅಳುವ ಮಗು.
ಐದು ಕಳೆಯಿತು. ಒಂಬತ್ತು ಕಳೆಯಿತು.
ನಿದ್ದೆಯಲ್ಲಿ ಅಳೆದರೆ ಸುಳ್ಳು ಅಂಕಿ ಬರುತ್ತದೆ,
ಬೆಚ್ಚಿಬೀಳಿಸಿ ಅಳೆದರೂ.
ಯಾರೋ ಬಾಗಿಲು ತಟ್ಟಿದರು; ತುಟಿಗೆ ಬೆರಳಿಟ್ಟೆ.
ಪುಸ್ತಕದಲ್ಲಿ ಹೆಸರು ಬರೆದೆ, ಹೊತ್ತು ಬರೆದೆ,
ಅಂಕಿಯ ಜಾಗ ಹಾಗೇ ಬಿಟ್ಟು
ಎದುರಿನ ಸ್ಟೂಲಿನಲ್ಲಿ ಕೂತೆ,
ನನ್ನವೂ ಎರಡೂ ಪಾದ ನೆಲಕ್ಕೆ.